ಹಳೇ ಸೀಟಿಗೆ ಹೊಸ ನೀಡಲ್

ಮಂಗಳೂರಿನ ಹಳೇ ಬಂದರಿನಿಂದ ನೇರ ಗೆರೆ ಎಳೆದರೆ ಕಡಮತ್ ದ್ವೀಪ ಸುಮಾರು 300 ಕಿಲೋಮೀಟರ್ ದೂರ. ಕೊಚ್ಚಿಯಿಂದ ಎಳೆದರೆ 400. ಆದರೆ ನಾನು ಹೊರಟ ಹೊತ್ತಿಗೆ ಹಡಗು ಸಿಕ್ಕಿದ್ದು ಕೊಚ್ಚಿಯಿಂದಲೇ. ಹಾಗಾಗಿ ಕುಂದಾಪುರದಲ್ಲಿ ರೈಲು ಹತ್ತಿ, ಮಂಗಳೂರನ್ನು ಕಿಟಕಿಯಿಂದ ನೋಡಿ ದಾಟಿ, ದಕ್ಷಿಣಕ್ಕೆ ಇಳಿದು, ಆಮೇಲೆ ಸಮುದ್ರದ ಮೇಲೆ ಮತ್ತೆ ಉತ್ತರಕ್ಕೇ ಏರಿದೆ. ಅದಕ್ಕೂ ಮೊದಲು ಪರ್ಮಿಟ್ಟಿನ ಓಡಾಟ. ನಮ್ಮದೇ ದೇಶದ ಆ ನೆಲಕ್ಕೆ ಕಾಲಿಡಲು ಹೊರಗಿನವರಿಗೆ ಪರ್ಮಿಟ್ ಬೇಕು.

ಹೋಗಿಬಂದ ಮೇಲೆ ಒಂದು ಮಳೆಗಾಲವೇ ಮುಗಿದಿದೆ. ಲಗೂನಿನ ನೀಲಿ ಫೋಟೋಗಳಲ್ಲಿ ಇದೆ, ಅದನ್ನು ವರ್ಣಿಸುವ ಕೆಲಸವನ್ನು ಪ್ರವಾಸೋದ್ಯಮದವರು ಚೆನ್ನಾಗಿಯೇ ಮಾಡುತ್ತಿದ್ದಾರೆ. ನನ್ನ ತಲೆಯಲ್ಲಿ ಕೂತು ಕೊರೆಯುತ್ತಿರುವುದು ಒಂದಿಂಚಿಗಿಂತ ಗಿಡ್ಡದಾದ ಒಂದು ಉಕ್ಕಿನ ತುಂಡು.

ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಅದರ ಹೊಟ್ಟೆಯ ಬಾಗಿಲು ತೆರೆದರೆ ಕೆಳಗೆ ಚಿಕ್ಕ ದೋಣಿಯೊಂದು ಏಳುತ್ತ ಬೀಳುತ್ತ ಇರುತ್ತದೆ. ಅದು ಏಳುವ ಹೊತ್ತು ನೋಡಿ ಕಾಲಿಡಬೇಕು, ಬೀಳುವ ಹೊತ್ತಿಗೆ ಇಟ್ಟರೆ ದೇವರೇ ಗತಿ. ಅಜ್ಜಿಯಂದಿರು, ಕಂಕುಳಲ್ಲಿ ಮಗು ಇದ್ದವರು, ಅಕ್ಕಿಮೂಟೆ ಹೊತ್ತವರು ಬಸ್ಸಿನಿಂದ ಇಳಿದಷ್ಟೇ ಸಲೀಸಾಗಿ ಇಳಿದರು. ನನ್ನನ್ನು ಮಾತ್ರ ಇಬ್ಬರು ತೋಳು ಹಿಡಿದು ಇಳಿಸಿಕೊಂಡರು. ಕಡಲಿನ ಪಕ್ಕದಲ್ಲಿ ಹುಟ್ಟಿದವನು ಎಂದು ನಾನು ಯಾರಿಗೂ ಹೇಳಲಿಲ್ಲ.

ಕಡಮತ್ ಉದ್ದಕ್ಕೆ ಒಂಬತ್ತು ಕಿಲೋಮೀಟರಿಗೆ ಚೂರು ಹೆಚ್ಚು. ಅಗಲ ಎಲ್ಲಿ ಅತಿ ಹೆಚ್ಚೋ ಅಲ್ಲೂ ಅರ್ಧ ಕಿಲೋಮೀಟರಿನ ಆಸುಪಾಸು. ತೆಂಗಿನ ಮರಗಳ ನಡುವೆ ನಿಂತರೆ ಎರಡೂ ಕಡೆಯ ನೀರಿನ ಸದ್ದು ಕೇಳುತ್ತದೆ. ನಮ್ಮ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಅದನ್ನು ನೋಡಿ ಬೆಳೆದವನಿಗೆ ಇದೇನು ಹೊಸತಲ್ಲ ಅನ್ನಿಸಬೇಕಿತ್ತು. ಆದರೆ ಮರವಂತೆಯಲ್ಲಿ ಹೊಳೆಯ ಆಚೆ ಕೊಡಚಾದ್ರಿಯ ಸಾಲು ಕಾಣುತ್ತದೆ, ಬೆನ್ನಿಗೊಂದು ನಾಡು ಇದೆ ಎಂಬ ಧೈರ್ಯ ಇರುತ್ತದೆ. ಕಡಮತ್ತಿನಲ್ಲಿ ಬೆನ್ನ ಕಡೆಗೂ ಕಡಲೇ.

ದ್ವೀಪದ ದಕ್ಷಿಣ ತುದಿಯ ಮರಳುದಿಬ್ಬ ನೋಡಲು ಒಬ್ಬ ಹುಡುಗನ ದೋಣಿಯಲ್ಲಿ ಹೊರಟಿದ್ದೆ. ಫೈಬರ್ ದೋಣಿ, ಹಿಂದೆ ಜಪಾನಿನ ಹಳೇ ಔಟ್‌ಬೋರ್ಡ್ ಮೋಟಾರು. ಅದರ ಮುಚ್ಚಳದ ಬಣ್ಣ ಉಪ್ಪುಗಾಳಿಗೆ ಎಂದೋ ಹೋಗಿ, ಕ್ಲಿಪ್ಪಿನ ಬದಲು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ಹಗ್ಗ ಎಳೆದ ಕೂಡಲೇ ಹತ್ತಿಕೊಂಡು ಜೋರಾಗಿ ಓಡಿತು. ಲಗೂನಿನ ನಡುವೆ ಹವಳದ ಬಂಡೆಗಳ ಹತ್ತಿರ ಬಂದಾಗ ಹುಡುಗ ವೇಗ ಇಳಿಸಿದ. ಮೋಟಾರು ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಗೊರಗೊರ ಎಂದು ನಿಂತೇ ಹೋಯಿತು. ಪೆಟ್ರೋಲಿನ ವಾಸನೆ. ದೋಣಿಯ ಹಿಂದೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಎಣ್ಣೆಪದರ.

ಮತ್ತೆ ಎಳೆದ, ಮತ್ತೆ ಎಳೆದ. ಕೊನೆಗೆ ಪ್ಲಗ್ ಬಿಚ್ಚಿದ. ಅದು ಕಪ್ಪಾಗಿ ಒದ್ದೆಯಾಗಿತ್ತು. ಅಂಗಿಯ ತುದಿಯಲ್ಲಿ ಒರೆಸಿ, ಊದಿ, ಹಾಕಿ ಎಳೆದರೆ ಹತ್ತಿಕೊಂಡಿತು. ಪೂರ್ತಿ ವೇಗದಲ್ಲಿ ಏನೂ ತಕರಾರಿಲ್ಲ. ವೇಗ ಇಳಿಸಿದರೆ ಮತ್ತದೇ ಕಥೆ.

"ಇದಕ್ಕೆ ಓಡೋದು ಗೊತ್ತು, ನಿಧಾನ ಹೋಗೋದು ಗೊತ್ತಿಲ್ಲ" ಎಂದ ಹುಡುಗ. ಅವನದು ದ್ವೀಪದ ಮಲಯಾಳ. ನನ್ನದು ಮಂಗಳೂರಿನಲ್ಲಿ ಓದುವಾಗ ಗೆಳೆಯರ ಬಾಯಿಂದ ಹೆಕ್ಕಿಕೊಂಡ ಬ್ಯಾರಿ ಮಾತು. ಎರಡೂ ಸೇರಿ ಹೇಗೋ ಕೆಲಸ ನಡೆಯುತ್ತಿತ್ತು.

ಆಮೇಲೆ ಅವನು ಬಿದಿರಿನ ಗಳು ತೆಗೆದು ತಳಕ್ಕೆ ಊರಿ ದೋಣಿ ತಳ್ಳತೊಡಗಿದ. ಸೊಂಟದಷ್ಟೇ ನೀರು, ಹಾಗಾಗಿ ಹೆದರಿಕೆ ಇರಲಿಲ್ಲ, ಬಿಸಿಲು ಮಾತ್ರ ನೆತ್ತಿ ಸುಡುತ್ತಿತ್ತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕಿಯಲ್ಲಿ ಔಟ್‌ಬೋರ್ಡ್ ಮೋಟಾರು ಮಾಡಿ ಮಾರಲು ಶುರುಮಾಡಿದ್ದರ ಹಿಂದೆ ಒಂದು ಐಸ್‌ಕ್ರೀಮಿನ ಕಥೆ ಹೇಳುತ್ತಾರೆ. ಪ್ರೇಯಸಿಗೆಂದು ಐಸ್‌ಕ್ರೀಮ್ ತರಲು ಕೆರೆಯ ಆ ದಡಕ್ಕೆ ಹುಟ್ಟು ಹಾಕಿಕೊಂಡು ಹೋದನಂತೆ, ಮರಳಿ ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಕಥೆಗೆ ಎಷ್ಟು ಮಸಾಲೆ ಬಿದ್ದಿದೆಯೋ ಏನೋ. ಆ ಬಿಸಿಲಿನಲ್ಲಿ ಕೂತವನಿಗೆ ಮಾತ್ರ ಅಕ್ಷರಶಃ ನಿಜ ಅನ್ನಿಸಿತು.

ಹಾಗೆ ತಳ್ಳಿಕೊಂಡು ಬಂದು ಸೇರಿದ್ದು ಮೋಟಾರು ರಿಪೇರಿ ಮಾಡುವ ಮೇಸ್ತ್ರಿಯೊಬ್ಬರ ಶೆಡ್ಡಿಗೆ. ತೆಂಗಿನ ಗರಿಯ ಮಾಡು, ನಾಲ್ಕು ಕಂಬ, ಅಷ್ಟೇ. ಉದ್ದಕ್ಕೆ ಅಡ್ಡಹಾಕಿದ ಹಲಗೆಗೆ ಐದಾರು ಮೋಟಾರುಗಳು ಬಾವಲಿಗಳಂತೆ ತಲೆಕೆಳಗಾಗಿ ಅಲ್ಲ, ನೆಟ್ಟಗೇ ಕಚ್ಚಿಕೊಂಡು ನಿಂತಿದ್ದವು. ಕೆಲವಕ್ಕೆ ಪ್ರೊಪೆಲ್ಲರ್ ಇಲ್ಲ, ಕೆಲವಕ್ಕೆ ತಲೆಯೇ ಇಲ್ಲ. ಒಂದರ ಅಂಗ ಇನ್ನೊಂದಕ್ಕೆ ಹೋಗುತ್ತ ಹೋಗುತ್ತ ಉಳಿದ ಅಸ್ಥಿಗಳು. ಮೂಲೆಯಲ್ಲಿ ಅರ್ಧಕ್ಕೆ ಕೊಯ್ದ ಬ್ಯಾರಲ್ಲಿನ ತುಂಬ ನೀರು. ಮೋಟಾರನ್ನು ಅದರೊಳಗೆ ಮುಳುಗಿಸಿ ಓಡಿಸಿ ನೋಡುವುದು.

ಮೇಸ್ತ್ರಿಗೆ ವಯಸ್ಸು ಎಪ್ಪತ್ತೈದು ದಾಟಿರಬಹುದು. ಎಲ್ಲಿಯವರು ಎಂದು ಕೇಳಿದರು. ಕುಂದಾಪುರ ಎಂದರೆ ತಿಳಿಯಲಿಲ್ಲ. ಮಂಗಳೂರಿನ ಹತ್ತಿರ ಎಂದೆ. ಸ್ಪ್ಯಾನರ್ ಕೆಳಗಿಟ್ಟು ನನ್ನನ್ನು ಸರಿಯಾಗಿ ನೋಡಿದರು.

"ಹಾಗಾದರೆ ನಾವು ಒಂದೇ ಜಿಲ್ಲೆಯವರು."

ತಮಾಷೆ ಏನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಸೇರಿದ ಅಮಿನ್‌ದೀವಿ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದು, 1799ರಲ್ಲಿ ಅವನು ಬಿದ್ದ ಮೇಲೆ ಕಂಪನಿಗೆ ಬಂದವು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಉಳಿದವು. ಕವರತ್ತಿಯಂಥ ದಕ್ಷಿಣದ ದ್ವೀಪಗಳು ಮಲಬಾರಿಗೆ, ಇವು ಮಂಗಳೂರಿಗೆ. 1956ರ ನವೆಂಬರ್ 1ರಂದು, ನಾವು ಇಲ್ಲಿ ಏಕೀಕರಣದ ಹಬ್ಬ ಮಾಡಿದ ಅದೇ ದಿನ, ಎಲ್ಲ ದ್ವೀಪಗಳೂ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಪ್ರತಿ ವರ್ಷ ರಾಜ್ಯೋತ್ಸವದ ಭಾಷಣ ಕೇಳುವ ನನಗೆ, ಅಂದು ಜಿಲ್ಲೆಯಿಂದ ಐದು ಊರು ಆಚೆ ಹೋದದ್ದನ್ನು ಯಾರೂ ಹೇಳಿದ್ದು ನೆನಪಿಲ್ಲ.

ಮಾತಾಡುತ್ತಲೇ ಅವರು ಕಾರ್ಬುರೇಟರನ್ನು ಬಿಚ್ಚಿ ಕೈಗೆ ತೆಗೆದುಕೊಂಡಿದ್ದರು. ತಳದ ಬಟ್ಟಲು ತೆರೆದರೆ ಅಡಿಯಲ್ಲಿ ಬಿಳಿ ಹಿಟ್ಟಿನಂಥ ಪುಡಿ, ತುಕ್ಕುಬಣ್ಣದ ಎರಡು ಹನಿ ನೀರು. ಪೆಟ್ರೋಲು ಬ್ಯಾರಲ್ಲಿನಲ್ಲಿ ಬರುತ್ತದೆ, ಬ್ಯಾರಲ್ಲಿಂದ ಕ್ಯಾನಿಗೆ, ಕ್ಯಾನಿನಿಂದ ಟ್ಯಾಂಕಿಗೆ. ಪ್ರತಿ ಸುರಿಯುವಿಕೆಗೂ ಉಪ್ಪುಗಾಳಿ ತನ್ನ ಪಾಲು ಬೆರೆಸುತ್ತದೆ. ಫ್ಲೋಟನ್ನು ಹಿಡಿದಿದ್ದ ಪಿನ್ನನ್ನು ಒಂದು ಮೊಳೆಯಿಂದ ನೂಕಿ ತೆಗೆದರು. ಫ್ಲೋಟನ್ನು ಕಿವಿಯ ಹತ್ತಿರ ಅಲುಗಾಡಿಸಿದರು. ಒಳಗೆ ಎಣ್ಣೆ ಸೇರಿದ್ದರೆ ಕುಲುಕುವ ಸದ್ದು ಬರಬೇಕು. ಬರಲಿಲ್ಲ. ಅದರ ಕೆಳಗಿಂದ ನೀಡಲ್ಲನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ನನ್ನ ಕಣ್ಣ ಮುಂದೆ ತಂದರು.

ಮೊದಲಿಗೆ ಏನೂ ಕಾಣಲಿಲ್ಲ. ತಿರುಗಿಸಿದಾಗ ಕಂಡಿತು. ಚೂಪು ತುದಿಯ ಇಳಿಜಾರಿನ ನಡುವೆ, ಸುತ್ತಲೂ ಹೊಳೆಯುವ ಒಂದು ಗೆರೆ. ಉಗುರು ಜಾರಿಸಿದರೆ ಅಲ್ಲಿ ತಡೆಯುತ್ತದೆ. ಹಗ್ಗ ಸೇದಿ ಸೇದಿ ಬಾವಿಕಟ್ಟೆಯ ಕಲ್ಲಿನಲ್ಲಿ ಮೂಡುತ್ತದಲ್ಲ, ಅಂಥದೇ ಗೀರು, ಆದರೆ ಕೂದಲೆಳೆಯಷ್ಟು.

ಈ ನೀಡಲ್ಲಿನ ಕೆಲಸ ಒಂದೇ. ಬಟ್ಟಲಲ್ಲಿ ಪೆಟ್ರೋಲು ತುಂಬಿದ ಹಾಗೆ ಫ್ಲೋಟು ತೇಲಿ ಮೇಲೆ ಬರುತ್ತದೆ, ನೀಡಲ್ಲನ್ನು ಮೇಲಕ್ಕೆ ತಳ್ಳುತ್ತದೆ, ನೀಡಲ್ ಹೋಗಿ ಹಿತ್ತಾಳೆಯ ಸೀಟಿನಲ್ಲಿ ಕೂತು ಬಾಗಿಲು ಮುಚ್ಚುತ್ತದೆ. ಮಟ್ಟ ಇಳಿದರೆ ಬಾಗಿಲು ತೆರೆಯುತ್ತದೆ. ಮೋಟಾರು ನಡುಗುತ್ತಿರುವಷ್ಟು ಹೊತ್ತೂ ಅದು ಸೀಟಿಗೆ ತಟ್ಟುತ್ತಲೇ ಇರುತ್ತದೆ. ವರ್ಷಗಟ್ಟಲೆ ತಟ್ಟಿದರೆ ಗೆರೆ ಮೂಡುತ್ತದೆ, ಪೆಟ್ರೋಲಿನ ಜೊತೆ ಬಂದ ಮರಳಿನ ಕಣ ಆ ಕೆಲಸವನ್ನು ಬೇಗ ಮುಗಿಸುತ್ತದೆ. ಗೆರೆ ಬಿದ್ದ ನೀಡಲ್ ಪೂರ್ತಿ ಮುಚ್ಚುವುದಿಲ್ಲ. ವೇಗವಾಗಿ ಓಡುವಾಗ ಎಂಜಿನ್ನು ಬಂದಷ್ಟನ್ನೂ ಕುಡಿಯುತ್ತದೆ, ಹಾಗಾಗಿ ರೋಗ ಗೊತ್ತಾಗುವುದಿಲ್ಲ. ನಿಧಾನ ಮಾಡಿದಾಗ ಬೇಡವಾದದ್ದೂ ಒಳಗೆ ಸೋರಿ ಪ್ಲಗ್ಗನ್ನು ಮುಳುಗಿಸುತ್ತದೆ. ಹುಡುಗನ ಮಾತು ಅರ್ಥವಾದದ್ದು ಆಗ.

ಮೇಸ್ತ್ರಿ ನೀಡಲ್ಲಿನ ಬಾಲಕ್ಕೆ ದಾರ ಸುತ್ತಿ ಡ್ರಿಲ್ ಮಿಷನ್ನಿನ ಬಾಯಿಗೆ ಕೊಟ್ಟರು. ದಾರ ಯಾಕೆಂದರೆ ಉಕ್ಕಿನ ದವಡೆ ಅದನ್ನು ಕಚ್ಚಿ ಗಾಯ ಮಾಡಬಾರದು. ಅತಿ ನಯದ ಪಾಲಿಶ್ ಕಾಗದದ ತುಂಡಿಗೆ ಒಂದು ಹನಿ ಎಣ್ಣೆ. ಡ್ರಿಲ್ಲು ನಿಧಾನ ತಿರುಗುವಾಗ ಕಾಗದವನ್ನು ತುದಿಯ ಇಳಿಜಾರಿಗೆ ಮುಟ್ಟಿಸಿದರು, ಒತ್ತಲಿಲ್ಲ. ನಿಲ್ಲಿಸಿ ನೋಡಿದರು. ಮತ್ತೆ ಮುಟ್ಟಿಸಿದರು. ಗೆರೆ ಪೂರ್ತಿ ಹೋಗುವ ಮೊದಲೇ ಕಾಗದ ಬಿಟ್ಟು, ಹಿತ್ತಾಳೆ ಪಾತ್ರೆ ತಿಕ್ಕುವ ಪಾಲಿಶನ್ನು ಬಟ್ಟೆಗೆ ಹಚ್ಚಿ ಹಿಡಿದರು. "ಇಲ್ಲಿ ಆಸೆ ಮಾಡಬಾರದು. ಒಂದು ಸಲ ಹೆಚ್ಚು ಉಜ್ಜಿದರೆ ಮೂತಿಯ ಓರೆಯೇ ಬದಲಾಗುತ್ತದೆ, ಮತ್ತೆ ಯಾವ ಸೀಟಿನಲ್ಲೂ ಕೂರುವುದಿಲ್ಲ."

ಸೀಟಿಗೆ ಅದೇ ಪಾಲಿಶು. ಆದರೆ ಅಲ್ಲಿಗೆ ಡ್ರಿಲ್ಲಿಲ್ಲ. ಬಿದಿರಿನ ಚೂರೊಂದನ್ನು ಪೆನ್ಸಿಲ್ಲಿನ ಹಾಗೆ ಚೂಪು ಮಾಡಿ, ತುದಿಗೆ ಪಾಲಿಶು ತಾಗಿಸಿ, ಎರಡು ಬೆರಳ ನಡುವೆ ಹೊರಳಿಸಿದರು. ಗ್ರೈಂಡಿಂಗ್ ಪೇಸ್ಟ್ ಯಾಕೆ ಹಾಕುವುದಿಲ್ಲ ಎಂದು ಕೇಳಿದೆ. ಅದರ ಕಾಳು ಮೆತ್ತನೆ ಹಿತ್ತಾಳೆಯಲ್ಲಿ ಹೂತು ಕೂರುತ್ತದೆ, ಆಮೇಲೆ ಸೀಟೇ ನೀಡಲ್ಲನ್ನು ತಿನ್ನುತ್ತದೆ ಎಂದರು. ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು, ಜೋಡಿಸಿ, ಕಾರ್ಬುರೇಟರನ್ನು ಬೋರಲು ಹಿಡಿದರು. ಈಗ ಫ್ಲೋಟು ತನ್ನ ಭಾರದಿಂದಲೇ ನೀಡಲ್ಲನ್ನು ಅದುಮುತ್ತದೆ. ಪೈಪಿಗೆ ಬಾಯಿಟ್ಟು ಊದಿದರು. ಗಾಳಿ ಹೋಗಲಿಲ್ಲ. ಹೀರಿ ನಾಲಿಗೆಯನ್ನು ಪೈಪಿನ ಬಾಯಿಗೆ ಒತ್ತಿದರು. ಅಂಟಿಕೊಂಡಿತು. ನಾಲಿಗೆ ಅಂಟಿಸಿಕೊಂಡೇ ನನ್ನ ಕಡೆ ನೋಡಿ ಹುಬ್ಬು ಕುಣಿಸಿದರು.

ಉಜ್ಜಿದ್ದರಿಂದ ನೀಡಲ್ ಕೂದಲಿನಷ್ಟು ಗಿಡ್ಡವಾಗಿರುತ್ತದೆ. ಗಿಡ್ಡವಾದರೆ ಫ್ಲೋಟು ಇನ್ನೂ ಮೇಲೆ ಬರಬೇಕು, ಬಟ್ಟಲಿನ ಮಟ್ಟ ಏರುತ್ತದೆ. ಅದಕ್ಕೆಂದು ಫ್ಲೋಟಿನ ಚಿಕ್ಕ ನಾಲಗೆಯನ್ನು ಇಕ್ಕುಳದಿಂದ ಒಂದಿಷ್ಟು ಬಗ್ಗಿಸಿದರು. ಅಳತೆಗೆ ಅವರ ಹತ್ತಿರ ಇದ್ದದ್ದು ಹಳೇ ಪ್ಲಾಸ್ಟಿಕ್ ಸ್ಕೇಲು.

ಊಟದ ಹೊತ್ತಾಗಿತ್ತು. ಬಿಡಲಿಲ್ಲ. ಶೆಡ್ಡಿನ ಹಿಂದೆಯೇ ಮನೆ. ಅನ್ನ, ಚೂರ ಅಂದರೆ ಟ್ಯೂನಾ ಮೀನಿನ ಸಾರು, ಒಣಗಿಸಿದ ಚೂರದ ಪುಡಿಗೆ ತೆಂಗಿನಕಾಯಿ ಹಾಕಿ ಮಾಡಿದ ಚಟ್ನಿಯಂಥದ್ದು. ನಮ್ಮ ಬಂಗುಡೆ ಪುಳಿಮುಂಚಿಯ ಖಾರಕ್ಕೆ ಪಳಗಿದ ನಾಲಿಗೆಗೆ ಇದು ಮೊದಲ ತುತ್ತಿನಲ್ಲಿ ಸಪ್ಪೆ. ಮೂರನೆಯ ತುತ್ತಿನಲ್ಲಿ ಮೀನಿನ ರುಚಿಯೇ ಮುಂದೆ ಬಂದು ಕೂತಿತು. ಖಾರದ ಹಿಂದೆ ಇಷ್ಟು ವರ್ಷ ನಾವು ಏನು ಮುಚ್ಚಿಟ್ಟಿದ್ದೇವೆ ಎಂಬ ಅನುಮಾನ ಬಂದದ್ದು ನಿಜ. ಊರಿಗೆ ಬಂದು ಮತ್ತೆ ಪುಳಿಮುಂಚಿಯೇ ತಿಂದೆ, ಅದು ಬೇರೆ ಮಾತು. ಕೊನೆಗೆ ಕಿಲಾಂಜಿ: ಅಕ್ಕಿ, ಮೊಟ್ಟೆಯ ಹಿಟ್ಟಿನಿಂದ ಹುಯ್ದ ಕಾಗದದಷ್ಟು ತೆಳುವಾದ ದೋಸೆ, ಮೇಲೆ ಬಾಳೆಹಣ್ಣು ಕಿವುಚಿದ ಸಿಹಿ ಕಾಯಿಹಾಲು. ನೀರುದೋಸೆಯ ಊರಿನವನಿಗೆ ಸಂಬಂಧಿಕರ ಮನೆಗೆ ಬಂದಂತಾಯಿತು.

ಮೇಸ್ತ್ರಿ ಹುಡುಗನಾಗಿದ್ದಾಗ ಅಪ್ಪನ ಜೊತೆ ಹಾಯಿಯ ಓಡದಲ್ಲಿ ಮಂಗಳೂರಿಗೆ ಬಂದಿದ್ದರಂತೆ. ಹೋಗುವಾಗ ತೆಂಗಿನ ನಾರಿನ ಹುರಿ, ಕೊಬ್ಬರಿ, ಬರುವಾಗ ಅಕ್ಕಿ. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ, ಹಾಗಾಗಿ ತಲೆಮಾರುಗಳಿಂದ ಹುರಿಯೇ ಅಕ್ಕಿ. ಗಾಳಿ ಬಿದ್ದರೆ ಕಡಲ ನಡುವೆ ಕಾಯುವುದು. ಬಂದರಿನಲ್ಲಿ ಅಪ್ಪ ವ್ಯವಹಾರ ಮಾಡುವಾಗ ಇವರು ಒಂದು ಕಬ್ಬಿಣದ ಕೆಲಸದ ಅಂಗಡಿಯ ಮುಂದೆ ನಿಂತು ಲೇತು ತಿರುಗುವುದನ್ನು ನೋಡುತ್ತಿದ್ದರಂತೆ. ಹಿತ್ತಾಳೆಯ ಸುರುಳಿ ಬಂಗಾರದ ಹಾಗೆ ಉದುರುತ್ತಿತ್ತಂತೆ. ಎಂಜಿನ್ನಿನ ಹುಚ್ಚು ಹಿಡಿದದ್ದು ಅಲ್ಲೇ ಎಂದರು.

ಆ ಅಂಗಡಿ ಈಗ ಇದೆಯೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆಗಲೇ ಅವರು ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿ ತಂದದ್ದು. ಅದರಲ್ಲಿ ಚಿಕ್ಕ ಪ್ಲಾಸ್ಟಿಕ್ ಚೀಲದೊಳಗೆ ಹೊಚ್ಚಹೊಸ ನೀಡಲ್ ಇತ್ತು. ಕೊಚ್ಚಿಯಿಂದ ತರಿಸಿದ್ದು. ಇದನ್ನಿಟ್ಟುಕೊಂಡು ಹಳೆಯದನ್ನು ಯಾಕೆ ಉಜ್ಜುತ್ತ ಕೂತಿರಿ?

"ಹೊಸದು ಈ ಸೀಟಿನಲ್ಲಿ ಸೋರುತ್ತದೆ. ಹಾಕಿ ನೋಡಿದ್ದೇನೆ. ಸೀಟು ಹಳೇ ನೀಡಲ್ಲಿನ ಆಕಾರಕ್ಕೆ ಸವೆದಿದೆ. ಎರಡನ್ನೂ ಒಟ್ಟಿಗೆ ಬದಲಿಸಬೇಕು. ಈ ಮಾದರಿಯಲ್ಲಿ ಸೀಟನ್ನು ಬಾಡಿಯೊಳಗೇ ಒತ್ತಿ ಕೂರಿಸಿದ್ದಾರೆ, ಬಿಚ್ಚಲು ಬರುವುದಿಲ್ಲ. ಬೇರೆ ಸಿಗುವುದೂ ಇಲ್ಲ."

ಇನ್ನೆಷ್ಟು ಸಲ ಉಜ್ಜಬಹುದು? ಅವರು ನೀಡಲ್ಲಿನ ತುದಿಯಷ್ಟು ಜಾಗವನ್ನು ಬೆರಳಲ್ಲಿ ತೋರಿಸಿದರು. ಆಮೇಲೆ ಒಂದು ಕಾಗದದಲ್ಲಿ ಸೀಟಿನ ಚಿತ್ರ ಬರೆದು, ಸ್ಕೇಲಿನಿಂದ ಅಳೆದ ಅಂಕಿಗಳನ್ನು ಬರೆದು ನನ್ನ ಕೈಗಿಟ್ಟರು. ಹಳೆಯದನ್ನು ಕೊರೆದು ತೆಗೆದು ಹೊಸ ಹಿತ್ತಾಳೆ ಸೀಟು ಕೂರಿಸಬೇಕು. ಮಂಗಳೂರು ಬಂದರಿನಲ್ಲಿ ತಿರುಗಿಸಿ ಕೊಡುವವರು ಯಾರಾದರೂ ಇರಲೇಬೇಕು.

ಮರುದಿನ ಅದೇ ದೋಣಿಯಲ್ಲಿ ಮರಳುದಿಬ್ಬಕ್ಕೆ ಹೋದೆವು. ಮೊದಲಿಗೆ ಸ್ವಲ್ಪ ಸೀನಿತು. ಹುಡುಗ ನಿಧಾನದ ಸ್ಕ್ರೂವನ್ನು ಬೆರಳಲ್ಲೇ ಹಗುರಾಗಿ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿದ, ಕಿವಿಕೊಟ್ಟು ಇನ್ನೊಂದು ಚೂರು ಬಿಟ್ಟ. ಹವಳದ ಬಂಡೆಗಳ ನಡುವೆ ಮೋಟಾರು ಎಷ್ಟು ಮೆತ್ತಗೆ ನಡೆಯಿತೆಂದರೆ, ಕೆಳಗೆ ಮರಳಿನ ಮೇಲೆ ದೋಣಿಯ ನೆರಳು ಕಂಡು ಸರಿದುಹೋಗುವ ಮೀನುಗಳನ್ನು ಒಂದೊಂದಾಗಿ ನೋಡಬಹುದಿತ್ತು. ಮರಳುದಿಬ್ಬ ಚೆನ್ನಾಗಿತ್ತು.

ನಮ್ಮ ಗಂಗೊಳ್ಳಿಯಲ್ಲೂ ಇದೇ ಮೋಟಾರುಗಳು ನಾಡದೋಣಿಗಳ ಬೆನ್ನಿಗೆ ಇವೆ. ಪೆಟ್ರೋಲಿನಲ್ಲಿ ಹತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹಾಕುವುದು, ದಡಕ್ಕೆ ಬರುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸುವುದು. ಜೂನ್, ಜುಲೈಯಲ್ಲಿ ದೊಡ್ಡ ಬೋಟುಗಳಿಗೆ ನಿಷೇಧ ಇರುವಾಗ 10 ಅಶ್ವಶಕ್ತಿಯೊಳಗಿನ ಈ ದೋಣಿಗಳು ಕಡಲಿಗಿಳಿಯಬಹುದು. ಆ ದಿನಗಳಲ್ಲಿ ಮೋಟಾರು ಕೈಕೊಟ್ಟರೆ ಕಾಯಲು ಯಾರಿಗೂ ಪುರುಸೊತ್ತಿಲ್ಲ. ಮೆಕ್ಯಾನಿಕ್ಕು ಕಾರ್ಬುರೇಟರನ್ನೇ ಕಿತ್ತು ಬೇರೆ ಕೂರಿಸುತ್ತಾನೆ. ಸವೆದ ನೀಡಲ್ಲು ಕಾಲ ಕೆಳಗೆ ಮರಳಲ್ಲಿ ಬೀಳುತ್ತದೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ರಿಪೇರಿಯ ಗುಣಗಾನ ಮಾಡುವವರು ಹೆಚ್ಚಾಗಿ ಹೊಸದು ಕೊಳ್ಳಬಲ್ಲವರೇ. ಕಡಮತ್ತಿನ ಮೇಸ್ತ್ರಿಗೆ ಬಿದಿರಿನ ಚೂರಿನ ಮೇಲೆ ಮೋಹವೇನಿಲ್ಲ. ನಾಳೆ ಹೊಸ ಬಾಡಿ ಸಿಕ್ಕಿದರೆ ಅದನ್ನೇ ಹಾಕುತ್ತಾರೆ, ಹಳೆಯದನ್ನು ಹಲಗೆಯ ಮೇಲಿನ ಅಸ್ಥಿಗಳ ಜೊತೆ ಇಡುತ್ತಾರೆ.

ನನ್ನನ್ನು ಕಾಡಿದ್ದು ಬೇರೆ. ಕೊಚ್ಚಿಯಿಂದ ಬಂದ ಆ ಹೊಸ ನೀಡಲ್ಲು ಮೇಸ್ತ್ರಿಯ ಮನೆ ಸೇರಿದ ದಾರಿ. ಹಾಯಿ ಮಾತ್ರ ಇದ್ದ ಕಾಲದಲ್ಲಿ ಅವರ ಅಪ್ಪ ನೇರ ಮಂಗಳೂರಿಗೆ ಬರುತ್ತಿದ್ದರು, ಜೊತೆಗೆ ಬಂದ ಮಗ ಲೇತಿನ ಮುಂದೆ ನಿಲ್ಲುತ್ತಿದ್ದ. ಈಗ ಎಂಜಿನ್ನು, ಫೋನು ಎಲ್ಲ ಇರುವಾಗ ಅದೇ ಮಗ ಸ್ಕೇಲಿನಲ್ಲಿ ಅಳೆದ ಚಿತ್ರವನ್ನು ದಾರಿಹೋಕನ ಕೈಗೆ ಕೊಡಬೇಕಾಗಿದೆ. ನೀರು ಅಷ್ಟೇ ಇದೆ, 300 ಕಿಲೋಮೀಟರ್. ಆಡಳಿತದ ಕಚೇರಿ ಎತ್ತ ಹೋಯಿತೋ ದಾರಿಯೂ ಅತ್ತ ತಿರುಗಿತು.

ಊರಿಗೆ ಬಂದ ಮೇಲೆ ಕಾಗದ ಹಿಡಿದು ಹಳೇ ಬಂದರಿಗೆ ಹೋದೆ. ಇಂದಿಗೂ ಅಲ್ಲಿಂದ ದ್ವೀಪಗಳಿಗೆ ಮಂಜಿ ಎಂಬ ಸರಕುದೋಣಿಗಳು ಹೊರಡುತ್ತವೆ: ಸಿಮೆಂಟು, ಜಲ್ಲಿ, ತರಕಾರಿ ಹೊತ್ತುಕೊಂಡು. ಸರಕು ನೇರ ಹೋಗುತ್ತದೆ, ನಾನು ಮಾತ್ರ ಸುತ್ತಿಬಳಸಬೇಕಾಯಿತು. ಮೇಸ್ತ್ರಿ ಹೇಳಿದ ಅಂಗಡಿ ಯಾವುದೆಂದು ಯಾರಿಗೂ ಗುರುತು ಸಿಗಲಿಲ್ಲ. ಬೋಟಿನ ಶಾಫ್ಟು ತಿರುಗಿಸುವ ಒಂದು ಲೇತಿನ ಶೆಡ್ಡು ಸಿಕ್ಕಿತು. ಮಾಲೀಕರು ಕನ್ನಡಕ ಏರಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಚಿತ್ರ ಚಂದ ಉಂಟು. ಆದರೆ ಸ್ಕೇಲಿನ ಅಳತೆಗೆ ಸೀಟು ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಒತ್ತಿ ಕೂರಿಸುವ ಸಾಮಾನು, ಕೂದಲಷ್ಟು ಹೆಚ್ಚಾದ್ರೆ ಬಾಡಿ ಒಡೀತದೆ, ಕಮ್ಮಿಯಾದ್ರೆ ಉದುರ್ತದೆ. ಬಾಡಿ ತಂದುಕೊಡಿ, ಒಂದು ಮಧ್ಯಾಹ್ನದ ಕೆಲಸ."

ಕಡಮತ್ತಿಗೆ ಫೋನು ಮಾಡಿದೆ. ಮಂಜಿಯಲ್ಲಿ ಬಾಡಿ ಕಳಿಸಿ, ಮುಂದಿನ ಮಂಜಿಯಲ್ಲಿ ವಾಪಸು ಬರುತ್ತದೆ ಎಂದೆ. ಆ ಕಡೆ ಮೇಸ್ತ್ರಿ ನಕ್ಕರು. ಬಾಡಿ ಕಳಿಸಿದರೆ ಅಲ್ಲಿಯವರೆಗೆ ಹುಡುಗನ ದೋಣಿ ಏನು ಹಾಕಿಕೊಂಡು ಓಡಬೇಕು? ಅಷ್ಟರಲ್ಲಿ ಮಳೆಗಾಲ ಬಂತು, ಮಂಜಿಗಳು ದಡ ಹತ್ತಿದವು, ದ್ವೀಪದ ದೋಣಿಗಳೂ ತೆಂಗಿನ ಬುಡ ಸೇರಿದವು. ಈಗಲಾದರೂ ಕಳಿಸಿ, ಹೇಗೂ ದೋಣಿ ಕೂತಿದೆ ಎಂದರೆ, ಈಗ ತರುವ ಮಂಜಿ ಎಲ್ಲಿದೆ ಎಂಬ ಪ್ರಶ್ನೆ.

ಮೊನ್ನೆ ಕಡಲು ತಣಿದ ಮೇಲೆ ಮತ್ತೆ ಮಾತಾಡಿದೆವು. ಮೇಸ್ತ್ರಿ ಈ ಸಲ ಯೋಚಿಸಿಯೇ ಇಟ್ಟಿದ್ದರು. ಲೇತಿನವರನ್ನೇ ಒಂದು ಸಲ ಇಲ್ಲಿಗೆ ಕಳಿಸಿ, ಇಂಥ ಬಾಡಿ ನನ್ನ ಹತ್ತಿರ ರಿಪೇರಿಗೆ ಇನ್ನೂ ಐದಾರು ಬರುತ್ತವೆ, ಊಟ, ವಸತಿ ನನ್ನದು ಎಂದರು. ತಮಾಷೆಗೆಂದು ನಾನು ಅದನ್ನು ಬಂದರಿಗೆ ಹೋಗಿ ಹೇಳಿದೆ. ಮಾಲೀಕರು ನಗಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಚಿಕ್ಕ ಬೆಂಚ್ ಲೇತಿನ ಕಡೆ ನೋಡಿದರು, ಕೈ ಒರೆಸಿಕೊಂಡರು.

"ನನಗೆ ಪರ್ಮಿಟ್ ಬೇಕು, ಅದು ಗೊತ್ತುಂಟು. ಲೇತಿಗೂ ಬೇಕಾ?"